ಖಾಲಿ ಬಿಡದ ಶ್ರೀವತ್ಸ

ಕಾರ್ಕ್ ಎಂಬ ಐರಿಷ್ ಊರಿನ ಸುತ್ತಮುತ್ತಲಿನ ಕನ್ನಡದವರಿಗೆ ಶ್ರೀವತ್ಸ ಅಂದರೆ ಫಾರಂ. ವೀಸಾ ಫಾರಂ, ಮಗುವಿನ ಸ್ಕೂಲಿನ ಫಾರಂ, ಅಮ್ಮನನ್ನು ಮೂರು ತಿಂಗಳಿಗೆ ಕರೆಸಿಕೊಳ್ಳುವ ಫಾರಂ, ಯಾವುದಾದರೂ ಸರಿ, ಎರಡನೇ ಪುಟಕ್ಕೆ ಬರುವಷ್ಟರಲ್ಲಿ ತಲೆ ಚಿಟ್ಟು ಹಿಡಿದವರೆಲ್ಲ ಅವನಿಗೆ ಫೋನು ಮಾಡುತ್ತಿದ್ದರು. ಅವನೂ ಆಗಲ್ಲ ಅಂದವನಲ್ಲ. ಶನಿವಾರ ಬೆಳಿಗ್ಗೆ ಊಟದ ಮೇಜಿನ ತುಂಬ ಕಾಗದ ಹರಡಿಕೊಂಡು, ನೀಲಿ ಬಾಲ್‌ಪೆನ್ನಿನಲ್ಲಿ ದುಂಡಗೆ ಬರೆಯುತ್ತ ಕೂತುಬಿಡುತ್ತಿದ್ದ. ಉಪ್ಪಿಟ್ಟು ಆರಿಹೋಗ್ತಿದೆ ಎಂದು ಹೆಂಡತಿ ಜಯಶೀಲಾ ಎರಡು ಸಲ ಹೇಳಿ ಸುಮ್ಮನಾಗುತ್ತಿದ್ದಳು.

ರಿಂಗಾಸ್ಕಿಡಿಯ ಒಂದು ಔಷಧ ಕಾರ್ಖಾನೆಯಲ್ಲಿ ಅವನಿಗೆ ಕೆಲಸ. ಅಲ್ಲಿ ಮಾತ್ರೆಯ ಒಂದೊಂದು ಬ್ಯಾಚಿಗೂ ಇನ್ನೂರು ಪುಟದ ದಾಖಲೆ: ಯಾರು ತೂಗಿದರು, ಯಾವಾಗ ಬೆರೆಸಿದರು, ಎಷ್ಟು ಬಿಸಿ ಇತ್ತು. ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಓದಿ, ಎಲ್ಲಾದರೂ ಖಾಲಿ ಜಾಗ ಉಳಿದಿದೆಯೇ ಎಂದು ಹುಡುಕುವುದೇ ಶ್ರೀವತ್ಸನ ಉದ್ಯೋಗ. ಖಾಲಿ ಜಾಗ ಅಂದರೆ ಅಲ್ಲಿ ಅಪರಾಧ. ನಾಳೆ ಯಾರೋ ಬಂದು ಏನನ್ನೋ ತುಂಬಿಬಿಟ್ಟರೆ? ಬರೆಯಲು ಏನೂ ಇಲ್ಲದ ಕಡೆ ಓರೆಯಾಗಿ ಒಂದು ಗೆರೆ ಎಳೆದು, ‘ಎನ್ಎ’ ಎಂದು ಬರೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಿ ತಾರೀಕು ನಮೂದಿಸಬೇಕು. ಎನ್ಎ ಅಂದರೆ ನಾಟ್ ಅಪ್ಲಿಕಬಲ್, ಅನ್ವಯಿಸುವುದಿಲ್ಲ. ನಂಜನಗೂಡಿನ ಕಾರ್ಖಾನೆಯಲ್ಲಿ ಎಂಟು ವರ್ಷ, ಇಲ್ಲಿ ಬಂದು ಇನ್ನಷ್ಟು ವರ್ಷ ಇದನ್ನೇ ಮಾಡಿ ಮಾಡಿ ಅವನ ಕೈ ತಾನಾಗಿಯೇ ಗೆರೆ ಎಳೆಯುತ್ತಿತ್ತು. ಒಮ್ಮೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಕಸದ ಗಾಡಿ ಬಾರದ ವಾರಕ್ಕೂ ಹೀಗೆ ಗೆರೆ ಎಳೆದು ಸಹಿ ಹಾಕಿದ್ದ. ಜಯಶೀಲಾ ಅದರ ಫೋಟೋ ತೆಗೆದು ಸ್ನೇಹಿತೆಯರಿಗೆಲ್ಲ ಕಳಿಸಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದಳು. ಅದು ಮೊದಲ ಮಗುವಿಗೆ ಮುಂಚಿನ ಮಾತು.

ಆ ಶನಿವಾರ ಫೋನು ಮಾಡಿದವನು ರಜತ್. ಡಬ್ಲಿನ್ನಿನ ಸ್ಯಾಂಟ್ರಿಯಲ್ಲಿರುವ ಸಾಫ್ಟ್‌ವೇರ್ ಹುಡುಗ, ಶ್ರೀವತ್ಸನಿಗೆ ದೂರದ ನೆಂಟ. ಮಗನ ಮನೆ ನೋಡಿಕೊಂಡು ಹೋಗೋಣವೆಂದು ಬಂದಿದ್ದ ಅವನ ತಂದೆ ಈಶ್ವರಪ್ಪನವರು ಮೂರು ದಿನದ ಹಿಂದೆ ಎದೆನೋವು ಬಂದು ತೀರಿಕೊಂಡಿದ್ದರು. ಸಾವನ್ನು ನೋಂದಾಯಿಸಬೇಕಂತೆ, ಅದಕ್ಕೆ ಕಚೇರಿಗೆ ಹೋಗಿ ಅಧಿಕಾರಿಯ ಎದುರು ಕೂರಬೇಕೇನೋ, ಅಮ್ಮನೊಬ್ಬಳನ್ನೇ ಮನೆಯಲ್ಲಿ ಬಿಟ್ಟು ಹೇಗೆ ಹೋಗಲಿ ಎಂದು ಅವನು ಗೋಳಾಡಿದ. ಶ್ರೀವತ್ಸ ಫೋನನ್ನು ಸ್ಪೀಕರಿಗೆ ಹಾಕಿಕೊಂಡು ಸಮಾಧಾನ ಹೇಳಿದ. ಕೋವಿಡ್ ಕಾಲದಲ್ಲಿ ತಾತ್ಕಾಲಿಕ ಎಂದು ಒಂದು ನಿಯಮ ತಂದಿದ್ದರು. ಸಾವನ್ನಾಗಲಿ, ಸತ್ತು ಹುಟ್ಟಿದ ಮಗುವನ್ನಾಗಲಿ ನೋಂದಾಯಿಸಲು ಕಚೇರಿಗೆ ಹೋಗಬೇಕಿಲ್ಲ. ಫಾರಂ ತುಂಬಿ, ಸಹಿ ಮಾಡಿ, ಈಮೇಲ್ ಮಾಡಿದರೆ ಸಾಕು. ಆ ತಾತ್ಕಾಲಿಕವನ್ನು ಸರ್ಕಾರ ವಿಸ್ತರಿಸುತ್ತಲೇ ಬಂದಿತ್ತು. ಶ್ರೀವತ್ಸ ಇದನ್ನೆಲ್ಲ ಒಂದೇ ಉಸಿರಿಗೆ ವಿವರಿಸಿದ.

“ಈಗ ಇನ್ನೊಂದ್ಸಲ ಎಕ್ಸ್‌ಟೆಂಡ್ ಮಾಡಿದಾರೆ ಕಣೋ. ನೀನು ಎಲ್ಲೂ ಹೋಗ್ಬೇಡ. ಫಾರಂ ನಂಗೆ ಕಳ್ಸು, ತುಂಬಿ ಕೊಡ್ತೀನಿ. ಸಹಿ ಹಾಕು ಸಾಕು, ಗ್ರ್ಯಾಂಡ್.” ಎಲ್ಲ ಸರಿ ಅನ್ನುವುದಕ್ಕೆ ಇಲ್ಲಿನವರು ಹೇಳುವ ಆ ಮಾತು ಅವನ ಬಾಯಿಗೂ ಹತ್ತಿತ್ತು.

ಒಗ್ಗರಣೆ ಸೀದ ವಾಸನೆ ಬಂದಾಗಲೇ ಅವನು ತಿರುಗಿ ನೋಡಿದ್ದು. ಜಯಶೀಲಾ ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದಳು, ಆದರೆ ಬಾಣಲೆಯ ಕಡೆ ನೋಡುತ್ತಿರಲಿಲ್ಲ. ಫೋನು ಇಟ್ಟ ಮೇಲೆ ಅವಳು ಒಲೆ ಆರಿಸಿದಳು.

“ಅವಳದ್ದೂ ಹೀಗೇ ಕಳ್ಸಿದ್ರಾ? ಈಮೇಲಲ್ಲಿ?”

ಶ್ರೀವತ್ಸನಿಗೆ ಯಾರದ್ದು ಎಂದು ಕೇಳುವ ಅಗತ್ಯವಿರಲಿಲ್ಲ. ಆ ಮನೆಯಲ್ಲಿ ಐದು ವರ್ಷದಿಂದ ಯಾರೂ ಎತ್ತದ ಮಾತು ಅದೊಂದೇ.

ಮೊದಲ ಲಾಕ್‌ಡೌನಿನ ವಸಂತದಲ್ಲಿ ಜಯಶೀಲಾಗೆ ಎಂಟು ತಿಂಗಳು. ಒಂದು ಬುಧವಾರ ಬೆಳಗಿನಿಂದ ಮಗು ಒದೆಯಲಿಲ್ಲ. ಆಸ್ಪತ್ರೆಗೆ ಹೋದರೆ ಗಂಡನನ್ನು ಒಳಗೆ ಬಿಡುವ ಹಾಗಿಲ್ಲ ಎಂದರು, ಎಲ್ಲ ಕಡೆ ಆಗ ಅದೇ ನಿಯಮ. ಶ್ರೀವತ್ಸ ಕಾರಿನಲ್ಲೇ ಕೂತ. ಹೃದಯ ಬಡಿಯುತ್ತಿಲ್ಲ ಎಂಬ ಸುದ್ದಿಯನ್ನು ಜಯಶೀಲಾ ಒಬ್ಬಳೇ, ಮುಖಕ್ಕೆ ಮಾಸ್ಕು ಹಾಕಿಕೊಂಡ ಇಬ್ಬರು ಅಪರಿಚಿತರ ಬಾಯಿಂದ ಕೇಳಿಸಿಕೊಂಡಳು. ಅವರ ಕಣ್ಣು ಮಾತ್ರ ಕಾಣುತ್ತಿತ್ತು. ಆಮೇಲೆ ಹೆರಿಗೆಯ ಹೊತ್ತಿಗೆ ಅವನನ್ನೂ ಕರೆದರು.

ಒಳಗೆ ಹೋಗುವ ಮುಂಚೆ ಅವನು ಮೈಸೂರಿಗೆ, ತನ್ನ ಅಮ್ಮ ಶಾಂತಾಗೆ ಫೋನು ಮಾಡಿದ್ದ. ಶಾಂತಾ ಅತ್ತರು, ಅತ್ತುಕೊಂಡೇ ಹೇಳಬೇಕಾದ್ದನ್ನೆಲ್ಲ ಹೇಳಿದರು: ಮುಖ ನೋಡಬೇಡ, ಅವಳಿಗೂ ತೋರಿಸಬೇಡ, ಹೆಸರು ಗಿಸರು ಇಟ್ಟು ಅಂಟಿಸಿಕೊಳ್ಳಬೇಡಿ, ಮುಂದೆ ಹುಟ್ಟುವುದಕ್ಕೆ ಒಳ್ಳೆಯದಲ್ಲ. ಅವರ ಕಾಲದಲ್ಲಿ ಹಾಗೇ ಮಾಡುತ್ತಿದ್ದರು. ಗಂಡಸರು ಒಂದು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಮಣ್ಣು ಮಾಡಿ ಬರುತ್ತಿದ್ದರು, ಹೆತ್ತವಳಿಗೆ ಎಲ್ಲಿ ಎಂದೂ ಹೇಳುತ್ತಿರಲಿಲ್ಲ. ಅದು ಕಾಳಜಿ ಎಂದೇ ಅವರು ತಿಳಿದಿದ್ದರು. ನನಗಂತೂ ಆ ಕಾಳಜಿಯ ಮೇಲೆ ಸಿಟ್ಟಿದೆ, ಇರಲಿ.

ಈ ದೇಶದ ಆಸ್ಪತ್ರೆಯಲ್ಲಿ ರೀತಿಯೇ ಬೇರೆ. ದಾದಿ ಮಗುವಿಗೆ ಸ್ನಾನ ಮಾಡಿಸಿ, ಹಳದಿ ಉಣ್ಣೆಯ ಟೋಪಿ ಹಾಕಿ, ತಾಯಿಯ ತೋಳಿಗೆ ಕೊಟ್ಟಳು. ಜಯಶೀಲಾ ಅರ್ಧ ದಿನ ಮಗುವನ್ನು ಎದೆಗಪ್ಪಿಕೊಂಡಿದ್ದಳು. ಶ್ರೀವತ್ಸ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ. ಹೆಣ್ಣು ಎಂದು ಅವನಿಗೆ ಗೊತ್ತಿತ್ತು, ಅಷ್ಟೇ. ದಾದಿ ಹತ್ತಿರ ಬಂದು, ಇವಳಿಗೆ ಹೆಸರಿದೆಯಾ ಎಂದು ಮೆಲ್ಲಗೆ ಕೇಳಿದಳು. ಇಲ್ಲ, ನಮ್ಮಲ್ಲಿ ಹನ್ನೊಂದನೆಯ ದಿನ ತೊಟ್ಟಿಲಿಗೆ ಹಾಕಿ ಹೆಸರಿಡುತ್ತೇವೆ, ಅದಕ್ಕೆ ಮುಂಚೆ ಇಡುವುದಿಲ್ಲ ಎಂದು ಅವನು ಕಿಟಕಿಗೇ ಹೇಳಿದ. ಜಯಶೀಲಾ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಬಂದಿದೆ ಎಂದು ಅವನು ತಿಳಿದ.

ಮಗುವನ್ನು ಮಣ್ಣು ಮಾಡಲು ಅವನೊಬ್ಬನೇ ಹೋದ. ಮನೆಗೆ ಬಂದ ಮೇಲೆ ಜಯಶೀಲಾ ಗೋಡೆಗೆ ಮುಖ ಮಾಡಿ ಮಲಗಿದವಳು ಏಳಲಿಲ್ಲ. ಎದೆಹಾಲು ಬಂದು ರವಿಕೆ ಒದ್ದೆಯಾಗುತ್ತಿತ್ತು. ಏನು ಮಾಡಬೇಕೆಂದು ಕೇಳಲು ಅವಳ ಅಮ್ಮನೂ ಹತ್ತಿರ ಇರಲಿಲ್ಲ. ವಿಮಾನಗಳೇ ನಿಂತಿದ್ದವು. ಹೀಗಿರುವಾಗ ನೋಂದಣಿಯ ಫಾರಂ ಈಮೇಲಿನಲ್ಲಿ ಬಂತು, ಕಚೇರಿಗೆ ಬರುವ ಅಗತ್ಯವಿಲ್ಲ ಎಂಬ ಒಕ್ಕಣೆಯೊಂದಿಗೆ. ಶ್ರೀವತ್ಸನಿಗೆ ಬದುಕಿದೆಯಾ ಬಡಜೀವ ಎನ್ನಿಸಿತು. ಅವಳನ್ನು ಎಬ್ಬಿಸಿ ಇದೊಂದನ್ನು ಕೇಳಬೇಕಿಲ್ಲವಲ್ಲ! ಒಂದು ಮಧ್ಯಾಹ್ನ ಅವಳಿಗೆ ಗಂಜಿ ಕೊಟ್ಟು, ಚಿಕ್ಕ ರೂಮಿನ ಬಾಗಿಲು ಹಾಕಿಕೊಂಡು, ಹತ್ತು ನಿಮಿಷದಲ್ಲಿ ಮುಗಿಸಿದ. ಅವನು ಒಳ್ಳೆಯವನೇ. ಒಳ್ಳೆಯವರು ಮಾಡುವಂಥ ತಪ್ಪನ್ನೇ ಮಾಡಿದ.

ಏನಾದರೂ ಕಾಗದ ಬಂತಾ ಎಂದು ಒಮ್ಮೆ ಅವಳು ಕೇಳಿದ್ದಳು. ಎಲ್ಲ ಆಯ್ತು, ನೀನು ತಲೆ ಕೆಡಿಸ್ಕೋಬೇಡ ಎಂದಿದ್ದ. ಆಮೇಲೆ ಅವಳು ಡಗ್ಲಸ್ ಬಡಾವಣೆಯ ಕನ್ನಡಕದ ಅಂಗಡಿಯ ಕೆಲಸಕ್ಕೆ ಮರಳಿದಳು, ಇನ್ನೊಬ್ಬ ಮಗಳು ಹುಟ್ಟಿದಳು, ಬದುಕು ಸರಿಹೋಯಿತು ಎಂದು ಅವನು ಅಂದುಕೊಂಡಿದ್ದ. ತಿಂಗಳಿಗೊಮ್ಮೆ ಅವಳು ಬಸ್ಸು ಹತ್ತಿ ಸ್ಮಶಾನಕ್ಕೆ ಹೋಗಿಬರುವುದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ಇದ್ದ.

ಈಗ ಅವಳು ಫಾರಂ ತೋರಿಸಿ ಎಂದಳು. ಅವನು ಫೈಲು ತಂದ. ಎಲ್ಲದರ ಪ್ರತಿ ಇಡುವವನು, ಇದರದ್ದನ್ನೂ ಇಟ್ಟಿದ್ದ. ಅವಳು ಕಾಗದವನ್ನು ಮೇಜಿನ ಮೇಲಿಟ್ಟು, ಅಂಗಡಿಯಲ್ಲಿ ಕನ್ನಡಕದ ನಂಬರು ನೋಡುವ ಹಾಗೆ ಬಗ್ಗಿ ಓದಿದಳು. ಹುಟ್ಟಿದ ಸ್ಥಳ, ತಾರೀಕು, ತೂಕ, ತಾಯಿಯ ಹೆಸರು, ತಂದೆಯ ಹೆಸರು, ಉದ್ಯೋಗ, ಎಲ್ಲ ದುಂಡಗಿನ ಅಕ್ಷರದಲ್ಲಿ. ಮಗುವಿನ ಹೆಸರು ಎಂಬಲ್ಲಿ ಓರೆಯಾಗಿ ಒಂದು ಗೆರೆ. ಗೆರೆಯ ಮೇಲೆ ಎನ್ಎ. ಪಕ್ಕದಲ್ಲಿ ಅವನ ಸಣ್ಣ ಸಹಿ, ತಾರೀಕು.

“ಇದೇನಿದು?”

“ಖಾಲಿ ಬಿಡಬಾರ್ದು ಅಂತ... ಕೈ ಅಭ್ಯಾಸ. ಹೆಸರು ಇಟ್ಟಿರ್ಲಿಲ್ವಲ್ಲ.”

“ಅನ್ವಯಿಸಲ್ಲ ಅಂತ ತಾನೇ ಇದರ ಅರ್ಥ? ಯಾರಿಗೆ ಅನ್ವಯಿಸಲ್ಲ?”

ಅವಳು ಗೆರೆಯ ಪಕ್ಕದ ತಾರೀಕಿನ ಮೇಲೆ ಬೆರಳಿಟ್ಟಳು. ಅದು ಹನ್ನೊಂದನೆಯ ದಿನ. ಅವಳು ಹಾಸಿಗೆಯಲ್ಲಿ ಲೆಕ್ಕ ಇಟ್ಟುಕೊಂಡು ಮಲಗಿದ್ದಳಂತೆ. ಹನ್ನೊಂದನೆಯ ದಿನ ಹೆಸರಿಡುತ್ತೇವೆ ಎಂದು ಇವರು ದಾದಿಗೆ ಹೇಳಿದ್ದಾರಲ್ಲ, ಇವತ್ತಾದರೂ ಬಂದು ಕೇಳುತ್ತಾರೆ, ಕಿವಿಯಲ್ಲಿ ಹೇಳಿಬಿಡುತ್ತೇನೆ ಎಂದು ಬೆಳಗಿನಿಂದ ಕಾದಿದ್ದಳಂತೆ. ಅವನು ಗಂಜಿ ಕೊಟ್ಟು ಬಾಗಿಲು ಹಾಕಿಕೊಂಡು ಹೋದ. ಇದನ್ನು ಅವಳು ಕೂಗಾಡದೆ, ಅಳದೆ ಹೇಳಿದಳು. ಕೂಗಾಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಹೆಸರು ಇತ್ತಾ ಎಂದು ಅವನು ಕೇಳಿದ. ಬಸಿರಿನ ಐದನೇ ತಿಂಗಳಿಂದಲೇ ಇತ್ತು ಎಂದಳು. ಹೊಟ್ಟೆ ಸವರಿಕೊಂಡು ಆ ಹೆಸರಿನಿಂದಲೇ ಮಾತಾಡಿಸುತ್ತಿದ್ದಳು, ಗಂಡನಿಗೆ ಹೇಳಿದರೆ ಶಾಸ್ತ್ರಕ್ಕೆ ಮುಂಚೆ ಯಾಕೆ ಎಂದಾನು ಎಂದು ಹೇಳಿರಲಿಲ್ಲ.

“ಏನು ಹೆಸರು?”

ಜಯಶೀಲಾ ಹಾಲ್ ಕಡೆ ನೋಡಿದಳು. ಅಲ್ಲಿ ಅವರ ಮೂರೂವರೆ ವರ್ಷದ ಮಗಳು ನೆಲದ ಮೇಲೆ ಮಲಗಿಕೊಂಡು ಹಸುವಿಗೆ ನೇರಳೆ ಬಣ್ಣ ತುಂಬುತ್ತಿದ್ದಳು.

“ತನ್ವಿ,” ಎಂದಳು.

ಎರಡನೆಯ ಮಗಳಿಗೆ ಆ ಹೆಸರನ್ನು ಆರಿಸಿದವನು ಶ್ರೀವತ್ಸನೇ. ಶಾಂತಾ ಕಳಿಸಿದ ಪಟ್ಟಿಯಲ್ಲಿ ನಲವತ್ತು ಹೆಸರಿದ್ದವು. ಅವನು ಇದು ಚೆನ್ನಾಗಿದೆ ಎಂದ, ಜಯಶೀಲಾ ಪಟ್ಟಿಯನ್ನು ಇನ್ನೊಮ್ಮೆ ಓದಿ, ಆಗಲಿ ಎಂದಳು. ಒಪ್ಪಿಗೆಯಾಯಿತೆಂದು ಅವನು ಖುಷಿಪಟ್ಟಿದ್ದ. ಯಾಕೆ ಬೇಡ ಅನ್ನಲಿಲ್ಲ ಎಂದು ಈಗ ಕೇಳಿದ. ಆ ಹೆಸರನ್ನು ಒಂದು ಸಲವೂ ಗಟ್ಟಿಯಾಗಿ ಕರೆದಿರಲಿಲ್ಲ ನಾನು, ಎಂದಳು ಅವಳು. ಹೀಗಾದರೂ ಮನೆಯಲ್ಲಿ ಕೂಗಬಹುದಲ್ಲ ಎನ್ನಿಸಿತಂತೆ. ದಿನಕ್ಕೆ ಐವತ್ತು ಸಲ ಹಲ್ಲುಜ್ಜು ಬಾ, ಶೂ ಹಾಕ್ಕೋ ಬಾ ಎಂದು ಆ ಹೆಸರು ಕೂಗುವಾಗ ಅವಳು ಇಬ್ಬರನ್ನು ಕರೆಯುತ್ತಿದ್ದಳು, ಬರುತ್ತಿದ್ದವಳು ಒಬ್ಬಳು.

ಆದರೂ ಮನುಷ್ಯನ ಬುದ್ಧಿ ನೋಡಿ. ಅದೇ ವಾರ, ಆ ಗೆರೆಯನ್ನು ತೆಗೆಸಿ ಮಗುವಿನ ಹೆಸರು ಬರೆಸಬೇಕು ಎಂದು ಅವಳು ಹೇಳಿದಾಗ, ಅವನೊಳಗಿನ ದಾಖಲೆಯವನು ತಲೆ ಎತ್ತಿದ. ಒಂದೇ ತಂದೆತಾಯಿಯ ಇಬ್ಬರು ಮಕ್ಕಳಿಗೆ ಒಂದೇ ಹೆಸರು ಹೇಗೆ, ನಾಳೆ ಪಾಸ್‌ಪೋರ್ಟಿಗೆ ತೊಡಕಾದರೆ, ಸ್ಕೂಲಿನವರು ಕೇಳಿದರೆ ಎಂದು ಶುರು ಮಾಡಿದ. ಬೇರೆ ಹೆಸರು ಕೊಡೋಣ, ಪ್ರೇರಣಾ ಅಂತಿಡೋಣ, ಅದೂ ಚಂದದ ಹೆಸರೇ ಎಂದ. ಜಯಶೀಲಾ ಬಟ್ಟೆ ಮಡಚುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

“ನಾನು ಹೆಸರು ಇಡೋಕೆ ಹೋಗ್ತಿಲ್ಲ ರೀ. ಇದ್ದ ಹೆಸರು ಹೇಳೋಕೆ ಹೋಗ್ತಿದೀನಿ.”

ಅವನು ಕಚೇರಿಗೆ ಫೋನು ಮಾಡಿದ. ಆ ಕಡೆಯ ಹೆಂಗಸು ಮೃದುವಾಗಿ ಮಾತಾಡಿದಳು. ಹೆಸರು ಸೇರಿಸಲು ಸಾಧ್ಯ, ಇಬ್ಬರೂ ಸಹಿ ಮಾಡಿದ ಅರ್ಜಿ ಬೇಕು, ಮೇಲಿನವರ ಒಪ್ಪಿಗೆ ತಾನು ತರಿಸುತ್ತೇನೆ, ತಾತ್ಕಾಲಿಕ ನಿಯಮ ಇನ್ನೂ ಇದೆಯಾದ್ದರಿಂದ ನೀವು ಬರಲೇಬೇಕೆಂದಿಲ್ಲ, ಎಲ್ಲ ಈಮೇಲಿನಲ್ಲೇ ಆಗುತ್ತದೆ ಎಂದಳು. ಶ್ರೀವತ್ಸ ಅಭ್ಯಾಸಬಲದಿಂದ ಗ್ರ್ಯಾಂಡ್ ಎಂದು ಫೋನಿಟ್ಟು, ಹೋಗುವುದೇನೂ ಬೇಡವಂತೆ ಎಂದು ಹೆಂಡತಿಗೆ ಹೇಳಿದ. ಅವನ ದನಿಯಲ್ಲಿ ಹಗುರಾದ ಭಾವ ಇತ್ತು. ಅವಳಿಗೆ ಅದು ಕೇಳಿಸಿತು.

“ಅವತ್ತೂ ಹೋಗೋದು ಬೇಡ ಅಂದ್ರು, ನೀವು ಹೋಗ್ಲಿಲ್ಲ. ಹೋಗಿದ್ರೆ ಯಾರಾದ್ರೂ ಒಬ್ರು ಎದುರಿಗೆ ಕೂತು ನನ್ನ ಕೇಳ್ತಿದ್ರು. ಕೇಳಿದ್ರೆ ಹೇಳ್ತಿದ್ದೆ. ನಾನು ಹೋಗ್ತೀನಿ, ನೀವು ಬೇಕಾದ್ರೆ ಬನ್ನಿ.”

ಅವನು ಹೋದ. ಸೋಮವಾರ ಬೆಳಿಗ್ಗೆ ರಜೆ ಹಾಕಿ, ಹೊಸ ಶರ್ಟು ಹಾಕಿಕೊಂಡು, ಫೈಲು ಹಿಡಿದುಕೊಂಡು. ಕ್ರೆಷ್‌ನಲ್ಲಿ ಆ ದಿನ ರಜೆ, ತನ್ವಿಯೂ ಜೊತೆಗೆ ಬಂದಳು. ಕಾರಿನಲ್ಲಿ ಜಯಶೀಲಾಳ ತುಟಿ ಮಾತ್ರ ಸಣ್ಣಗೆ ಅಲುಗುತ್ತಿತ್ತು, ಪರೀಕ್ಷೆಗೆ ಹೋಗುವವಳು ಬಾಯಿಪಾಠ ಹೇಳಿಕೊಳ್ಳುವ ಹಾಗೆ.

ಕಚೇರಿ ಒಂದು ಸಾಧಾರಣ ಕೋಣೆ. ನಡುವಯಸ್ಸಿನ ಅಧಿಕಾರಿಣಿ ಎದ್ದು ಬಂದು ಇಬ್ಬರ ಕೈಯನ್ನೂ ಹಿಡಿದು, ನಿಮ್ಮ ಮಗಳು ಹೋದದ್ದಕ್ಕೆ ನನಗೆ ದುಃಖವಾಗಿದೆ ಎಂದಳು. ಐದು ವರ್ಷದಲ್ಲಿ ‘ನಿಮ್ಮ ಮಗಳು’ ಎಂದು ಹೇಳಿದ ಮೊದಲ ವ್ಯಕ್ತಿ ಅವಳು. ಚಿಕ್ಕವಳಿಗೆ ಕಾಗದ, ಪೆನ್ಸಿಲ್ ಕೊಟ್ಟು ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ಆಮೇಲೆ ಅರ್ಜಿಯನ್ನು ಮುಂದಿಟ್ಟುಕೊಂಡು, ಅವಸರವಿಲ್ಲದೆ, ಜಯಶೀಲಾಳ ಮುಖ ನೋಡಿ, ಮಗುವನ್ನು ಏನೆಂದು ಕರೆಯುತ್ತಿದ್ದಿರಿ ಎಂದು ಕೇಳಿದಳು.

ಜಯಶೀಲಾ ಬಾಯಿ ತೆರೆದಳು. ದನಿ ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದಳು, ಆಗಲಿಲ್ಲ. ಐದು ವರ್ಷ ಈ ಪ್ರಶ್ನೆಗೇ ಕಾದವಳು ಎರಡು ಅಕ್ಷರ ಹೇಳಲಾರದೆ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡು ಕೂತಳು. ಅಧಿಕಾರಿಣಿ ಕಾದಳು. ಶ್ರೀವತ್ಸ ಹೆಂಡತಿಯ ಕಡೆ ನೋಡಿದ. ಅವಳು ತಲೆಯನ್ನು ಸ್ವಲ್ಪವೇ ಆಡಿಸಿ, ನೀವು ಎಂದು ಸನ್ನೆ ಮಾಡಿದಳು.

ಪ್ರೇರಣಾ ಎನ್ನುವುದೂ ಅವನ ಕೈಲಿತ್ತು, ಆ ಕ್ಷಣ ಅವಳು ತಡೆಯುವ ಸ್ಥಿತಿಯಲ್ಲಿರಲಿಲ್ಲ. ಆದರೆ ಅವನಿಗೆ ಆ ಹೆಸರು ನೆನಪಿಗೇ ಬರಲಿಲ್ಲ. ತಾನು ತಿರುಗಿ ನೋಡದ ಒಂದು ಮುಖ ಇತ್ತು, ಅದು ಹೇಗಿತ್ತೆಂದು ಇನ್ನು ಯಾವತ್ತೂ ತಿಳಿಯುವುದಿಲ್ಲ ಎಂಬುದಷ್ಟೇ ತಲೆಯಲ್ಲಿತ್ತು. ನೋಡಬೇಕಿತ್ತು. ಒಂದೇ ಒಂದು ಸಲ ತಿರುಗಿ ನೋಡಬೇಕಿತ್ತು.

“ತನ್ವಿ,” ಎಂದ. ಅಧಿಕಾರಿಣಿಗೆ ಕೇಳಿಸಲಿ ಎಂದು ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದ.

ಪಕ್ಕದ ಕುರ್ಚಿಯಿಂದ ಚಿಕ್ಕವಳು ತಲೆ ಎತ್ತಿದಳು. ಅಪ್ಪ ತನ್ನನ್ನು ಕರೆದನೆಂದು ಇಳಿದು ಬಂದು ಅವನ ಮೊಣಕಾಲಿಗೆ ಒರಗಿ ನಿಂತಳು. ಅಧಿಕಾರಿಣಿಯ ಪೆನ್ನು ಬರೆಯುತ್ತಿದ್ದ ಅಕ್ಷರಗಳನ್ನು ನೋಡಿದಳು; ಓದಲು ಬಾರದಿದ್ದರೂ ಅಷ್ಟು ಅಕ್ಷರ ಅವಳಿಗೆ ಗೊತ್ತಿತ್ತು, ಕ್ರೆಷ್‌ನಲ್ಲಿ ಅವಳ ಕೋಟಿನ ಕೊಕ್ಕೆಯ ಮೇಲೆ ಬರೆದಿದ್ದರು.

“ದಟ್ಸ್ ಮೈ ನೇಮ್, ಡ್ಯಾಡಾ.”

ಶ್ರೀವತ್ಸ ಅವಳ ತಲೆಯ ಮೇಲೆ ಕೈಯಿಟ್ಟ. “ನಿನ್ನ ಅಕ್ಕಂದು, ಪುಟ್ಟಿ. ನಿಂಗೆ ಕೊಟ್ಟಿದಾಳೆ.”

ಅಕ್ಕ ಎಂಬ ಮಾತನ್ನು ಆ ಮಗು ಮನೆಯಲ್ಲಿ ಹಿಂದೆ ಕೇಳಿರಲಿಲ್ಲ. ಜಯಶೀಲಾ ಗಂಡನನ್ನೇ ನೋಡುತ್ತಿದ್ದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಅವಳು ಒರೆಸಿಕೊಳ್ಳಲಿಲ್ಲ. ಚಿಕ್ಕವಳು ಕಾಗದದ ಮೇಲಿನ ಹೆಸರನ್ನು ಮತ್ತೆ ನೋಡಿದಳು. ಹಂಚಿಕೊಳ್ಳುವುದು, ಹಿಂದಿರುಗಿಸುವುದು ಎಲ್ಲ ಆಗಷ್ಟೇ ಕಲಿಯುತ್ತಿದ್ದ ವಯಸ್ಸು ಅವಳದು.

“ಡಸ್ ಶಿ ವಾಂಟ್ ಇಟ್ ಬ್ಯಾಕ್?”

ಜಯಶೀಲಾ ಮಗಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡಳು.

“ಇಲ್ಲ ಕಂದ,” ಎಂದಳು. “ಕೇಳಲ್ಲ ಅವಳು. ಏನೂ ಕೇಳಲ್ಲ.”

ಅಧಿಕಾರಿಣಿ ಬರೆದು ಮುಗಿಸಿ, ಕಾಗದವನ್ನು ಅವರ ಕಡೆ ತಿರುಗಿಸಿ, ಸಹಿ ಎಲ್ಲಿ ಎಂದು ಬೆರಳಿನಿಂದ ತೋರಿಸಿದಳು. ಮೊದಲು ತಾಯಿ ಮಾಡಿದಳು. ಶ್ರೀವತ್ಸನಿಗೆ ಕಣ್ಣು ಮಂಜಾಗಿ ಜಾಗ ಕಾಣಲಿಲ್ಲ. ಜಯಶೀಲಾ ಅವನ ಕೈ ಹಿಡಿದು ಅಲ್ಲಿಗೆ ತಂದಳು.